ಜೋಕಾಲಿಗೊಂದು ವಾರಾಬಂದಿ

ನಮ್ಮ ಕೆನಾಲ್ ಕಾಲೊನಿಗೆ ಪಾರ್ಕು ಬೇಕೆಂದು ನಾವು ಯಾರೂ ಕೇಳಿರಲಿಲ್ಲ. ನಾವು ಕೇಳಿದ್ದು ಗಟಾರ. ಏಳು ವರ್ಷ ಬಿಡದೆ ಅರ್ಜಿ ಕೊಟ್ಟಿದ್ದೆವು. ನಾನು ಶಾಲೆಯ ಮಾಸ್ತರನಾದ್ದರಿಂದ ಅವನ್ನೆಲ್ಲ ಬರೆಯುವ ಕರ್ಮ ನನ್ನ ತಲೆಗೇ ಬಿದ್ದಿತ್ತು. ಯಾದಗಿರಿ ಜಿಲ್ಲೆಯಾದ ಮೂರನೆಯ ವರ್ಷ, ಮುಂಗಾರಿನ ಮೋಡ ಕಟ್ಟಿಯೂ ಸುರಿಯದೆ ನಿಂತಿದ್ದ ಒಂದು ದಿನ, ಶಹಾಪುರದ ಕಡೆಯಿಂದ ಜೀಪೊಂದು ಬಂತು. ಅದರಿಂದ ಇಳಿದ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, ದಾರಿಯ ಮೇಲೆ ಹರಿಯುತ್ತಿದ್ದ ಹೊಲಸನ್ನು ಹಾರಿ ದಾಟಿ, ಕಾಲೊನಿಯ ಹಿಂದಿನ ಬಯಲಿನಲ್ಲಿ ನಿಂತು, ಇಲ್ಲಿ ಪಾರ್ಕು ಮಾಡೋಣ ಎಂದರು. ಗಟಾರಕ್ಕೆ ಅನುದಾನವಿರಲಿಲ್ಲ, ಪಾರ್ಕಿಗೆ ಇತ್ತು. ಸರಕಾರದ ಹತ್ತಿರ ಇರುವುದನ್ನು ತೆಗೆದುಕೊಳ್ಳಬೇಕೇ ಹೊರತು ನಮಗೆ ಬೇಕಾದುದನ್ನು ಕೇಳಬಾರದು ಎಂದು ಹಿರಿಯರು ಹೇಳಿದರು. ನಾವೂ ಸುಮ್ಮನಾದೆವು.

ಆ ಬಯಲೆಂದರೆ, ಮೂವತ್ತೈದು ವರ್ಷದ ಹಿಂದೆ ನಾರಾಯಣಪುರದ ಎಡದಂಡೆ ಕಾಲುವೆ ತೋಡಿದಾಗ ತಂದು ಸುರುವಿದ ಗರಸು ಮಣ್ಣು. ಅಲ್ಲಿ ಜಾಲಿ ಬಿಟ್ಟು ಇನ್ನೊಂದು ಬೆಳೆದದ್ದನ್ನು ಯಾರೂ ಕಂಡಿಲ್ಲ. ಯೋಜನೆಯ ಹೆಸರು ಸಾರ್ವಜನಿಕ ಸಹಭಾಗಿತ್ವ. ಅರ್ಧ ಸರಕಾರ ಕೊಡಬೇಕು, ಅರ್ಧ ಜನ ಕೊಡಬೇಕು. ಸರಕಾರ ತನ್ನ ಅರ್ಧದಲ್ಲಿ ಸುತ್ತ ಗಿಡ್ಡ ಕಂಪೌಂಡ್ ಗೋಡೆ ಎಬ್ಬಿಸಿತು, ಒಂದು ದೊಡ್ಡ ಹಸಿರು ಬೋರ್ಡು ನಿಲ್ಲಿಸಿತು, ಒಂದು ಜಾರುಬಂಡಿ ಇಳಿಸಿತು. ಜಾರುಬಂಡಿಗೆ ಏರುವ ಮೆಟ್ಟಿಲು ಎರಡನೆಯ ಕಂತಿನಲ್ಲಿ ಬರುವುದಿತ್ತು. ಈಗಲೂ ಬರುವುದಿದೆ. ಉಳಿದದ್ದು ನಾವು. ವೆಲ್ಡಿಂಗ್ ಅಂಗಡಿಯ ಲಾಡ್ಲೇಸಾಬ ತನ್ನ ಕೈಯಾರೆ ಕಬ್ಬಿಣದ ಜೋಕಾಲಿ ಮಾಡಿ ಕೊಟ್ಟ. ಮಹಿಳಾ ಸಂಘದ ಅಧ್ಯಕ್ಷೆ ಗೊಲ್ಲಾಳಮ್ಮ ಹನ್ನೆರಡು ಸಸಿ ಕೊಟ್ಟಳು. ಹನ್ನೊಂದನ್ನು ಆಡುಗಳು ತಿಂದವು, ಹನ್ನೆರಡನೆಯದನ್ನು ಮೂಸಿ ಬೇಡವೆಂದವು. ನಾನು ಕಸದ ಡಬ್ಬಿ ಕೊಟ್ಟೆ, ಅದು ಮರುದಿನವೇ ಕಳುವಾಯಿತು. ಅಯ್ಯಣ್ಣ ಕೊಟ್ಟದ್ದು ಕಾನೂನು.

ಅಯ್ಯಣ್ಣ ಕಾಲುವೆಯ ಗೇಟು ತೆಗೆದು ಹಾಕುವ ಕೆಲಸ ಮೂವತ್ತೊಂದು ವರ್ಷ ಮಾಡಿ ಹಿಂದಿನ ವರ್ಷ ನಿವೃತ್ತನಾದವನು. ಎಲ್ಲರೂ ಅವನನ್ನು ಗೇಟ್ ಅಯ್ಯಣ್ಣ ಎಂದೇ ಕರೆಯುತ್ತಿದ್ದರು. ಆಳು ಬಡಕಲು, ಮೀಸೆ ಮಾತ್ರ ದೊಡ್ಡದು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಸರಕಾರಿ ಸೀಟಿ ಊದುವಂತಾದೆನೆಂಬ ಹೆಮ್ಮೆ ಅವನ ಬೆನ್ನನ್ನು ಕೊನೆಯ ತನಕ ನೆಟ್ಟಗೆ ಇಟ್ಟಿತ್ತು. ನಿವೃತ್ತಿಯಾದ ಮೇಲೆ ಸೀಟಿ ಮನೆಯಲ್ಲಿತ್ತು, ಊದಲು ಕಾರಣ ಇರಲಿಲ್ಲ. ಆ ಕಾರಣ ಪಾರ್ಕು ತೆರೆದ ಎರಡನೆಯ ದಿನವೇ ಒದಗಿತು.

ನಲವತ್ತು ಮನೆಗೆ ಒಂದೇ ಜೋಕಾಲಿ. ಎರಡನೆಯ ದಿನ ಸಂಜೆ ಮಕ್ಕಳ ಜಗಳದಲ್ಲಿ ಒಬ್ಬನ ಹಲ್ಲು ಬಿತ್ತು, ತಾಯಂದಿರ ಜಗಳದಲ್ಲಿ ಇಬ್ಬರ ಬಳೆ ಒಡೆದವು, ಗಂಡಸರು ಸಂಧಾನಕ್ಕೆ ಬಂದು ಇನ್ನೂ ಎರಡು ಹಳೆಯ ಜಗಳ ಹೊರಗೆ ತೆಗೆದರು. ಬೋರ್ಡಿನ ಕೆಳಗೆ ಸಭೆ ಕೂತಿತು. ಜೋಕಾಲಿ ಬಿಚ್ಚಿಡುವುದೇ ಲೇಸೆಂದು ತೀರ್ಮಾನವಾಗುವ ಹೊತ್ತಿಗೆ ಅಯ್ಯಣ್ಣ ಎದ್ದು ನಿಂತ.

"ಮೂವತ್ತೊಂದು ವರ್ಷ ನಾ ನೀರು ಹಂಚೀನಿ. ಒಂದು ಹಲಗಿ ಹಂಚಾಕ ಆಗಂಗಿಲ್ಲೇನ್ರಿ?" ಎಂದು ಕೇಳಿದ.

ಕಾಲುವೆಯ ನೀರಿಗೆ ವಾರಾಬಂದಿ ಎಂಬ ಕಟ್ಟಳೆಯಿದೆ. ಯಾವ ಹೊಲಕ್ಕೆ ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟರವರೆಗೆ ನೀರು ಎಂದು ಪಟ್ಟಿ ಬರೆದು ಪಾಳಿಯ ಪ್ರಕಾರ ಬಿಡುವುದು. ಕಾಗದದ ಮೇಲೆ ಬಹಳ ಚೆಂದ. ಹೊಲದಲ್ಲಿ ಏನಾಗುತ್ತದೆಂದರೆ, ಕಾಲುವೆಯ ಬಾಯಿಯ ಹತ್ತಿರ ಇರುವವರು ಭತ್ತ ಬೆಳೆಯುತ್ತಾರೆ, ತುದಿಯಲ್ಲಿ ಇರುವವರು ಅರ್ಜಿ ಬರೆಯುತ್ತಾರೆ. ಇದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಸಭೆ ಒಪ್ಪಿತು, ಏಕೆಂದರೆ ನಮಗೆ ಗೊತ್ತಿದ್ದ ಕಾನೂನು ಅದೊಂದೇ.

ಅಯ್ಯಣ್ಣ ಮೂರು ದಿನ ಬಾಗಿಲು ಹಾಕಿಕೊಂಡು ಕೂತು ಪಟ್ಟಿ ಬರೆದ. ದಿನಾ ಸಂಜೆ ನಾಲ್ಕರಿಂದ ಆರೂವರೆ, ಮನೆಗೆ ಅರ್ಧ ಗಂಟೆ, ದಿನಕ್ಕೆ ಐದು ಮನೆ, ಎಂಟು ದಿನಕ್ಕೆ ಒಂದು ಸುತ್ತು. ರಸ್ತೆಯ ಬದಿಯ ಸಾಲು ಕಾಲುವೆಯ ಬಾಯಿ, ಅಲ್ಲಿ ನನ್ನ ಮನೆ ಒಂದನೆಯದು, ಲಾಡ್ಲೇಸಾಬನದು ಎರಡನೆಯದು. ಹಿಂದಿನ ಸಾಲು ಟೇಲೆಂಡು, ಅಂದರೆ ಕಾಲುವೆಯ ತುದಿ. ಪಾಳಿ ಮುಗಿದರೆ ಸೀಟಿ, ಆರೂವರೆಗೆ ಪಾರ್ಕಿನ ಗೇಟಿಗೆ ಬೀಗ. ಬಾರದೆ ಹೋದವರ ಪಾಳಿ ಮೇಲಿನ ಮನೆಗಳಿಗೆ ತಿರುಗಿ ಹೋಗತಕ್ಕದ್ದು. ಇಷ್ಟಕ್ಕೇ ಬಿಡಲಿಲ್ಲ. ಕಾಲುವೆಯಲ್ಲಿ ನೀರಿನ ಮಟ್ಟ ನೋಡಲು ಇರುವಂತೆ ಜೋಕಾಲಿಯ ಕಂಬಕ್ಕೂ ಬಿಳಿ ಬಣ್ಣ ಬಳಿದು ಒಂದರಿಂದ ಆರರ ತನಕ ಅಂಕಿ ಬರೆದ. ಹಲಗೆ ನಾಲ್ಕನ್ನು ದಾಟಿ ಮೇಲೆ ಹೋದರೆ ಅದು ಹೆಚ್ಚಿನ ನೀರು ಕದ್ದಂತೆ. ಹುಡುಗರು ಜೋಕಾಲಿ ಆಡುವುದಕ್ಕಿಂತ ಹೆಚ್ಚು ಹೊತ್ತು ಅಂಕಿ ನೋಡುತ್ತಿದ್ದರು.

ಮೂವತ್ತೇಳನೆಯ ಮನೆಯ ತಾಯಪ್ಪನವರಿಗೆ ಮಕ್ಕಳಿಲ್ಲ, ಮೊಣಕಾಲು ನೋವು ಬೇರೆ. ಹಕ್ಕು ಒಮ್ಮೆ ಬಿಟ್ಟರೆ ಶಾಶ್ವತವಾಗಿ ಹೋಗುತ್ತದೆಂದು ಅವರು ತಮ್ಮ ಪಾಳಿಗೆ ತಪ್ಪದೆ ಬಂದು, ಹಲಗೆಯ ಮೇಲೆ ಕೂತು, ಅರ್ಧ ಗಂಟೆ ಪೇಪರು ಓದಿ ಹೋಗುತ್ತಿದ್ದರು. ಇಪ್ಪತ್ತು ಮಕ್ಕಳು ಸುತ್ತ ನಿಂತು ಅವರು ಪುಟ ತಿರುವುವುದನ್ನೇ ನೋಡುತ್ತಿದ್ದರು. ನಮ್ಮ ಪಾರ್ಕಿನಲ್ಲಿ ನಗು ಕೇಳಿದ ನೆನಪು ನನಗಿಲ್ಲ. ಶಿಸ್ತು ಮಾತ್ರ ಬಹಳ ಇತ್ತು.

ಪಟ್ಟಿಯ ಕಟ್ಟಕಡೆಯ ಹೆಸರು, ನಲವತ್ತನೆಯದು, ಅಯ್ಯಣ್ಣನದೇ. ತನ್ನ ಮನೆಯನ್ನು ತಾನೇ ತುದಿಗೆ ಹಾಕಿಕೊಂಡ ಇಂಥ ಮನುಷ್ಯ ಇಲಾಖೆಯಲ್ಲೇ ಇರಲಿಲ್ಲ ಎಂದು ಜನ ಮೆಚ್ಚಿಕೊಂಡರು. ಅದರ ಹಿಂದಿನ ಹಕೀಕತ್ತು ನನಗೆ ಬಹಳ ತಡವಾಗಿ, ಮೂವತ್ತೊಂಬತ್ತನೆಯ ಮನೆಯ ಚಮನಬೀ ಹೇಳಿ ತಿಳಿಯಿತು. ಅವಳ ಮನೆಗೂ ಅಯ್ಯಣ್ಣನ ಮನೆಗೂ ನಡುವೆ ಒಂದೇ ಗೋಡೆ. ಕತೆ ಗೊಂದಲವಾಗಬಾರದೆಂದು ಈಗಲೇ ಹೇಳಿಬಿಡುತ್ತೇನೆ.

ಅಯ್ಯಣ್ಣನ ಹೆಂಡತಿ ಮಾಳಮ್ಮನ ತವರೂರು ಬಳಿಚಕ್ರ. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡದಿದ್ದರೆ ಆ ವರ್ಷ ವರ್ಷವೇ ಅಲ್ಲ. ಆದರೆ ಪಂಚಮಿ ಬರುವುದು ಕಾಲುವೆಗೆ ನೀರು ಬಿಡುವ ಹೊತ್ತಿಗೆ. ಗೇಟಿನ ಮೇಲೆ ಇರುವ ಗಂಡನಿಗೆ ರೊಟ್ಟಿ ಬಡಿದು ಒಯ್ಯುವವರು ಯಾರು? ಈ ವರ್ಷ ಬೇಡ, ಮುಂದಿನ ವರ್ಷ ಹೋಗು ಎಂದು ಅಯ್ಯಣ್ಣ ಅಂದ. ಹಾಗೆ ಮೂವತ್ತೊಂದು ಸಲ ಅಂದ. ಅಷ್ಟರಲ್ಲಿ ತವರಿನಲ್ಲಿ ತಾಯಿ ಸತ್ತಳು, ಜೋಕಾಲಿ ಕಟ್ಟುತ್ತಿದ್ದ ಬೇವಿನ ಗಿಡವನ್ನು ಅಣ್ಣ ಕಡಿಸಿದ. ಮಾಳಮ್ಮ ಇದನ್ನು ಒಂದು ದಿನವೂ ಆಡಿ ತೋರಿಸಿದವಳಲ್ಲ. ಪಾರ್ಕಿನಲ್ಲಿ ಜೋಕಾಲಿ ಎದ್ದ ದಿನ ಮಾತ್ರ, ಪಂಚಮಿ ದಿನ ಒಮ್ಮೆ ಕೂಡ್ರಲೇನ್ರಿ ಎಂದು ಗಂಡನನ್ನು ಕೇಳಿದಳಂತೆ. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅದಕ್ಕೇ ಅವನು ಮೂರು ದಿನ ಬಾಗಿಲು ಹಾಕಿಕೊಂಡು ಕೂತದ್ದು. ಲೆಕ್ಕ ಹಿಂದಿನಿಂದ ಹಾಕಿದ್ದ. ಪಂಚಮಿಗೆ ಸರಿಯಾಗಿ ಇಪ್ಪತ್ತನಾಲ್ಕನೆಯ ದಿನ ಬರುವಂತೆ ಪಟ್ಟಿ ಶುರುಮಾಡಿದರೆ, ಮೂರನೆಯ ಸುತ್ತಿನ ಕಡೆಯ ಪಾಳಿ, ಸಂಜೆ ಆರರಿಂದ ಆರೂವರೆ, ಪಂಚಮಿಯ ದಿನವೇ ನಲವತ್ತನೆಯ ಮನೆಗೆ ಬೀಳುತ್ತದೆ. ಕಾನೂನೂ ಉಳಿಯಿತು, ಹೆಂಡತಿಯ ಮಾತೂ ಉಳಿಯಿತು. ಅವನ ಬದುಕಿನಲ್ಲಿ ತಲೆ ಓಡಿದ್ದು ಅದೊಂದೇ ಸಲ ಇರಬೇಕು. ಮಾಳಮ್ಮ ಪೆಟ್ಟಿಗೆಯಿಂದ ಹಸಿರು ಇಳಕಲ್ಲ ಸೀರೆ ತೆಗೆದು ಗಾಳಿಗೆ ಹಾಕಿದ್ದನ್ನು ಚಮನಬೀ ನೋಡಿದಳು.

ಇನ್ನು ನನ್ನ ಪಾಲಿನ ಪಾಪ. ಪಟ್ಟಿ ಶುರುವಾಗಿ ನಾಲ್ಕನೆಯ ದಿನ ಭಾನುವಾರ, ಎಲ್ಲರೂ ಪಾರ್ಕಿನಲ್ಲಿದ್ದೆವು. ಬೋರ್ಡಿಗೆ ಅಂಟಿಸಿದ್ದ ಪಟ್ಟಿಯ ಮುಂದೆ ನಿಂತು ಬೇಸರ ಕಳೆಯಲು ಲೆಕ್ಕ ಹಾಕುತ್ತ ಹೋದೆ. ಗಣಿತ ಕಲಿಸುವವನ ಚಟ. ಲೆಕ್ಕ ಕೂಡಿದ ಕೂಡಲೇ ಹೇಳದೆ ಇರಲಾಗಲಿಲ್ಲ. ಮೂರನೆಯ ಸುತ್ತು ಸರಿಯಾಗಿ ಪಂಚಮಿಗೆ ಮುಗಿಯುತ್ತದೆ, ಕಡೆಯ ಪಾಳಿ ಅಯ್ಯಣ್ಣನದು, ಎಂಥ ಚೆಂದ ನೋಡ್ರಿ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಹೊಗಳಿದೆನೆಂದೇ ತಿಳಿದಿದ್ದೆ.

ಗೊಲ್ಲಾಳಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರ ಪಂಚಮಿ ಜೋಕಾಲಿ ಗೇಟ್ ಅಯ್ಯಣ್ಣನ ಮನೀಗಿ ಮೊದಲs ಮಂಜೂರಾಗ್ಯದ ಅನ್ರಿ."

ತುದಿಗೆ ಕೂತು ಹಬ್ಬ ಹೊಡೆದುಕೊಂಡ ಎಂದು ಯಾರೋ ಅಂದರು. ಇಲಾಖೆಯವರ ಬುದ್ಧಿ ಎಂದು ಇನ್ನೊಬ್ಬರು ಅಂದರು. ಮೂವತ್ತೊಂದು ವರ್ಷದಲ್ಲಿ ಒಬ್ಬ ರೈತನಿಂದಲೂ ಒಂದು ಕಪ್ ಚಹಾ ಕುಡಿದವನಲ್ಲವೆಂಬುದು ಅಯ್ಯಣ್ಣನ ಏಕಮಾತ್ರ ಆಸ್ತಿ. ಅದು ನಲವತ್ತು ಮನೆಯ ಎದುರು ಹೋಗುವುದರಲ್ಲಿತ್ತು.

"ನಮ್ಮಾಕಿ ಜೋಕಾಲಿ ಏರಂಗಿಲ್ರಿ" ಎಂದ. "ಆಕಿಗಿ ತಲಿ ತಿರಗ್ತದ. ನಾ ಪಂಚಮಿ ಗಿಂಚಮಿ ಏನೂ ನೋಡಿಲ್ಲ."

ಸರಕಾರಿ ನೌಕರಿ ಮಾಡಿದವನಿಗೆ ಇದಕ್ಕಿಂತ ಒಳ್ಳೆಯ ಸುಳ್ಳು ಸಿಗಬೇಕಾಗಿತ್ತು. ಅದೇ ಗಳಿಗೆಯಲ್ಲಿ ಮಾಳಮ್ಮ ತಲೆಯ ಮೇಲೆ ಒಂದರ ಮೇಲೊಂದು ಎರಡು ಕೊಡ ಹೊತ್ತು, ಎರಡೂ ಕೈ ಬಿಟ್ಟು, ಪಾರ್ಕಿನ ಮಗ್ಗುಲಿನ ದಾರಿಯಲ್ಲಿ ಬರುತ್ತಿದ್ದಳು. ನಲವತ್ತು ಮನೆಯ ಜನ ಒಟ್ಟಿಗೆ ಆ ಕಡೆ ತಿರುಗಿದರು. ಮಾಳಮ್ಮನಿಗೆ ಗಂಡನ ಮಾತು ಕೇಳಿಸಿತ್ತು. ಅವಳು ನಿಂತಳು. ಗಂಡನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಒಂದು ಕೈ ಎತ್ತಿ ಕಂಪೌಂಡ್ ಗೋಡೆಯನ್ನು ಹಿಡಿದುಕೊಂಡಳು.

ಅಯ್ಯೋ ಪಾಪ ಎಂದು ಎಲ್ಲರಿಗಿಂತ ಮೊದಲು ಓಡಿದವಳು ಗೊಲ್ಲಾಳಮ್ಮನೇ. ಕೊಡ ಇಳಿಸಿದರು, ಗಾಳಿ ಹಾಕಿದರು, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಬೈದರು. ಅಯ್ಯಣ್ಣನ ಮಾನ ಉಳಿಯಿತು.

ಮನೆಗೆ ಹೋದ ಮೇಲೆ ಅವನು ಹೆಂಡತಿಗೆ ಉಪಾಯ ಹೇಳಿದನಂತೆ. ಇಪ್ಪತ್ತು ದಿನ ತಲೆ ತಿರುಗಿದಂತೆ ಇರು. ಪಂಚಮಿಯ ದಿನ ನಾನೇ ಎಲ್ಲರೆದುರು ನಿಂತು ಔಷಧಿ ಹತ್ತಿ ಆರಾಮಾಯಿತು ಎಂದು ಹೇಳಿ ನಿನ್ನನ್ನು ಕೂಡ್ರಿಸುತ್ತೇನೆ. ಮಾಳಮ್ಮ ಹೂಂ ಅಂದಳಂತೆ. ಮೂವತ್ತೊಂದು ವರ್ಷ ಕಾದವಳಿಗೆ ಇಪ್ಪತ್ತು ದಿನ ಏನು ಮಹಾ.

ಆದರೆ ಅಯ್ಯಣ್ಣ ನಮ್ಮ ಕಾಲೊನಿಯ ಕರುಣೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾವು ಕಷ್ಟದಲ್ಲಿರುವವರನ್ನು ಸುಲಭಕ್ಕೆ ಬಿಡುವವರಲ್ಲ. ಚಮನಬೀ ದಿನಾ ಬೆಳಿಗ್ಗೆ ಶುಂಠಿ, ಮೆಣಸು, ಬೇವಿನ ಚಕ್ಕೆ ಕುದಿಸಿದ ಕಷಾಯ ತಂದು, ಲೋಟ ಬರಿದಾಗುವ ತನಕ ಎದುರಿಗೇ ಕೂಡುತ್ತಿದ್ದಳು. ಗೊಲ್ಲಾಳಮ್ಮ ಸಂಘದಲ್ಲಿ ಠರಾವು ಮಾಡಿದಳು: ಮಾಳಮ್ಮ ನೀರು ಹೊರಕೂಡದು, ಮನೆಗೊಬ್ಬರಂತೆ ಪಾಳಿಯ ಮೇಲೆ ಅವಳಿಗೆ ನೀರು ತರತಕ್ಕದ್ದು. ಅದಕ್ಕೂ ಒಂದು ಪಟ್ಟಿ ಬೋರ್ಡಿನ ಮೇಲೆ ಬಂತು. ನರ್ಸಮ್ಮ ಬಂದು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಎಲ್ಲ ಸರಿಯಿತ್ತು. ಯಂತ್ರಕ್ಕೂ ಸಿಗದಷ್ಟು ಒಳಗೆ ಹೋಗಿದೆ ಎಂದು ನರ್ಸಮ್ಮ ಚಿಂತೆ ಮಾಡಿದಳು.

ಹತ್ತನೆಯ ದಿನ ಬಳಿಚಕ್ರದಿಂದ ಅಣ್ಣ ಮರಿಲಿಂಗಪ್ಪ ಬಸ್ಸು ಹಿಡಿದು ಬಂದ. ಮೂವತ್ತೊಂದು ಪಂಚಮಿಗೆ ಒಮ್ಮೆಯೂ ಬಂದು ಕರೆಯದವನು, ತಲೆ ತಿರುಗುತ್ತದೆ ಎಂದ ಕೂಡಲೇ ತಾಯತ ಕಟ್ಟಿಸಿಕೊಂಡು ಬಂದಿದ್ದ. ಜಗಲಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಅತ್ತ. ಕಾಲುವೆಯ ಗಾಳಿ ಕುಡಿಸಿ ನನ್ನ ತಂಗಿಯನ್ನು ಹೀಗೆ ಮಾಡಿದಿ ಎಂದು ಅಯ್ಯಣ್ಣನನ್ನು ಬೈದ. ಅಯ್ಯಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಮಾಳಮ್ಮ ಅಣ್ಣನಿಗೆ ಹೋಳಿಗೆ ಮಾಡಲು ಎದ್ದರೆ ನಾಲ್ವರು ಹಿಡಿದು ಕೂಡ್ರಿಸಿದರು.

ಅವಳು ಗೋಡೆ ಹಿಡಿದು ನಡೆಯುವುದನ್ನು ರೂಢಿ ಮಾಡಿಕೊಂಡಳು. ಮೊದಲು ನೆನಪಾದಾಗ ಹಿಡಿಯುತ್ತಿದ್ದಳು, ಆಮೇಲೆ ನೆನಪಿಲ್ಲದೆಯೂ ಹಿಡಿಯತೊಡಗಿದಳು. ಒಮ್ಮೆ ಮಾತ್ರ ಹಿತ್ತಲಿಗೆ ನುಗ್ಗಿದ ಆಡನ್ನು ಅಟ್ಟಿಸಿಕೊಂಡು ಗೋಡೆ ಮರೆತು ಓಡಿದಳು. ಮೂರು ಮನೆಯವರು ಕಂಡು ಕಿರುಚಿ, ಅಡ್ಡಗಟ್ಟಿ, ಹೊತ್ತುಕೊಂಡು ಹೋಗಿ ಮಲಗಿಸಿದರು. ಆಡು ಅಷ್ಟರಲ್ಲಿ ಹಿತ್ತಲಿನ ಮೆಂತ್ಯೆ ಮುಗಿಸಿತ್ತು.

ಇತ್ತ ನಲವತ್ತನೆಯ ಪಾಳಿಯ ಪ್ರಶ್ನೆ ಎದ್ದಿತು. ಮೊದಲ ಸುತ್ತಿನಲ್ಲಿ ಅದು ಖಾಲಿ ಹೋಯಿತು. ಲಾಡ್ಲೇಸಾಬ ಸಭೆಯಲ್ಲಿ ಬಹಳ ಸಮಾಧಾನದಿಂದ, "ಟೇಲೆಂಡಿನ್ಯಾಗ ನೀರು ಬ್ಯಾಡಂದ್ರ ಅದು ಮ್ಯಾಲಕ್ಕ ಬರಬೇಕು. ಇದು ನೀವs ಬರದ ಕಾನೂನು ಅಲ್ಲೇನ್ರಿ?" ಎಂದು ಕೇಳಿದ. ಅಯ್ಯಣ್ಣ ತಾನೇ ಬರೆದ ಸಾಲನ್ನು ತಾನೇ ಮೂರು ಸಲ ಓದಿದ. ಮೂರನೆಯ ಸುತ್ತಿನ ವಿಷಯ ಆಮೇಲೆ ನೋಡೋಣ ಎಂದು ತೊದಲಿದ. ಯಾಕೆ ಎಂದು ನಲವತ್ತು ಮನೆ ಒಂದೇ ದನಿಯಲ್ಲಿ ಕೇಳಿತು. ಯಾಕೆಂದು ಹೇಳುವಂತಿರಲಿಲ್ಲ. ಪಾಳಿ ಮೇಲಕ್ಕೆ ಹೋಯಿತು.

ಹದಿನಾರನೆಯ ದಿನ ಸಾಹೇಬರ ಜೀಪು ಮತ್ತೆ ಬಂತು. ಕಂಬದ ಮೇಲಿನ ಅಂಕಿ, ಬೋರ್ಡಿನ ಪಟ್ಟಿ, ಸೀಟಿ, ಪೇಪರು ಓದುತ್ತ ಜೋಕಾಲಿಯ ಮೇಲೆ ಕೂತ ತಾಯಪ್ಪನವರು, ಎಲ್ಲವನ್ನೂ ನೋಡಿ ಅವರಿಗೆ ಕಣ್ಣು ತುಂಬಿ ಬಂತು. ಜನ ತಮ್ಮ ಪಾರ್ಕಿಗೆ ತಾವೇ ಕಾನೂನು ಮಾಡಿಕೊಂಡದ್ದನ್ನು ನನ್ನ ಸೇವಾವಧಿಯಲ್ಲಿ ಇಲ್ಲಿಯೇ ನೋಡಿದೆ ಎಂದರು. ಅಯ್ಯಣ್ಣ ತನ್ನ ಮನೆಯ ಪಾಳಿಯನ್ನೂ ಬಿಟ್ಟುಕೊಟ್ಟವನು, ಹೆಂಡತಿಗೆ ಕಾಯಿಲೆ ಬೇರೆ ಎಂದು ನಾವೆಲ್ಲ ಹೇಳಿದೆವು. ಹೇಳುವಾಗ ನಮಗೂ ನಮ್ಮ ಬಗ್ಗೆ ಹೆಮ್ಮೆಯೆನಿಸಿತು. ಪಂಚಮಿಯ ಸಂಜೆ ಸಮಾರಂಭ, ಅಯ್ಯಣ್ಣನಿಗೆ ಶಾಲು, ಆರು ಗಂಟೆಯ ಆ ಪಾಳಿಯಲ್ಲಿ ಸಾಹೇಬರ ಹೆಂಡತಿಯವರಿಂದ ಜೋಕಾಲಿ ಸೇವೆಗೆ ಚಾಲನೆ ಎಂದು ತೀರ್ಮಾನವಾಯಿತು. ಜೋಕಾಲಿ ಆಗಲೇ ಹದಿನಾರು ದಿನ ಆಡಿತ್ತು, ಆದರೂ ಚಾಲನೆ ಆಗಿರಲಿಲ್ಲ. ಮಾನಪತ್ರ ಬರೆಯುವ ಕೆಲಸ ನನಗೆ ಬಂತು.

ಅಯ್ಯಣ್ಣ ಹೆದರಲಿಲ್ಲವಂತೆ. ಮೈಕು ನನ್ನ ಕೈಗೆ ಬರುತ್ತದಲ್ಲ, ಅಲ್ಲೇ ಹೇಳಿಬಿಡುತ್ತೇನೆ ಎಂದು ಮಾಳಮ್ಮನಿಗೆ ಧೈರ್ಯ ಹೇಳಿದ. ಎಂಟು ದಿನ ಅವನು ಮನೆಯೊಳಗೆ ನಿಂತು ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದದ್ದು ಗೋಡೆಯಾಚೆ ಚಮನಬೀಗೆ ಕೇಳುತ್ತಿತ್ತು. "ನಮ್ಮಾಕಿಗಿ ಆರಾಮಾಗ್ಯದ್ರಿ. ನಲವತ್ತನೇ ಪಾಳಿ ಆಕೀದs." ಆಗಲೇ ಚಮನಬೀಗೆ ಸಂಶಯ ಬಂದು, ಕಷಾಯ ಒಯ್ದ ಹೊತ್ತಿನಲ್ಲಿ ಮಾಳಮ್ಮನ ಬಾಯಿ ಬಿಡಿಸಿದಳು. ಅಂದಿನಿಂದ ಲೋಟದಲ್ಲಿ ಕಷಾಯದ ಬದಲು ಚಹಾ ಬರತೊಡಗಿತು.

ಪಂಚಮಿ ಬಂತು. ಮೋಡ ಹಾಗೇ ಕಟ್ಟಿಕೊಂಡು ನಿಂತಿತ್ತು, ಮಳೆಯಿಲ್ಲ, ಬಿಸಿಲೂ ಇಲ್ಲ. ಶಾಮಿಯಾನ ಹಾಕಿದ್ದೆವು. ಆರಕ್ಕೆ ಹತ್ತು ನಿಮಿಷ ಇರುವಾಗ ಮಾಳಮ್ಮ ಬಂದಳು. ಹಸಿರು ಇಳಕಲ್ಲ ಸೀರೆ, ಕೈ ತುಂಬ ಬಳೆ, ಸೆರಗಿನಡಿ ಡಬ್ಬಿಯಲ್ಲಿ ಎಳ್ಳಿನ ಉಂಡಿ. ಗೋಡೆ ಹಿಡಿಯದೆ ಬಂದಳು. ಮುಖದಲ್ಲಿ ಒಂದು ಸಣ್ಣ ಹುಡುಗಿಯ ಅಂಜಿಕೆ ಇತ್ತು. ಗಂಡನ ಸನ್ಮಾನಕ್ಕೆಂದು ಎಷ್ಟು ಕಷ್ಟಪಟ್ಟು ನಡೆದು ಬಂದಳು ನೋಡು ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಇಬ್ಬರು ರಟ್ಟೆ ಹಿಡಿದು ಜೋಕಾಲಿಯ ಹತ್ತಿರದ ಕುರ್ಚಿಯಲ್ಲಿ ಕೂಡ್ರಿಸಿದರು. ಜೋಕಾಲಿ ಆಡುವುದನ್ನು ನೋಡಿದರೂ ತಲೆ ತಿರುಗುತ್ತದೆಂದು ಗೊಲ್ಲಾಳಮ್ಮನಿಗೆ ಹೊಳೆಯಿತು. ಅವಳು ಕುರ್ಚಿಯನ್ನು ಮಾಳಮ್ಮನ ಸಮೇತ ಎತ್ತಿಸಿ ಹಿಂದು ಮುಂದಾಗಿ ತಿರುಗಿಸಿ ಇಡಿಸಿದಳು. ಈಗ ಮಾಳಮ್ಮನ ಎದುರಿಗೆ ಜಾಲಿಯ ಪೊದೆ ಮಾತ್ರ ಇತ್ತು. ಜೋಕಾಲಿ, ವೇದಿಕೆ, ಗಂಡ, ಎಲ್ಲ ಬೆನ್ನ ಹಿಂದೆ.

ನಾನು ಮಾನಪತ್ರ ಓದಿದೆ. 'ಸ್ವಂತ ಮನೆಯ ಸುಖವನ್ನು ಸಮಾಜಕ್ಕೆ ಅರ್ಪಿಸಿದ, ಪತ್ನಿಯ ಅನಾರೋಗ್ಯದಲ್ಲಿಯೂ ಕರ್ತವ್ಯ ಮರೆಯದ' ಎಂದು ಬರೆದಿದ್ದೆ. ಆ ಸಾಲಿಗೆ ದೊಡ್ಡ ಚಪ್ಪಾಳೆ ಬಿತ್ತು. ಸಾಹೇಬರು ಶಾಲು ಹೊದಿಸಿದರು. ಮೂವತ್ತೊಂದು ವರ್ಷ ಬಿಸಿಲಲ್ಲಿ ನಿಂತರೂ ಇಲಾಖೆಯವರು ಅಯ್ಯಣ್ಣನ ಹೆಗಲಿಗೆ ಒಂದು ಟವೆಲ್ಲೂ ಹಾಕಿರಲಿಲ್ಲ. ಅವನು ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ಹಿಡಿದು ನೋಡಿದ. ಮೈಕು ಅವನ ಕೈಗೆ ಬಂತು.

ಆರು ಗಂಟೆಯಾಗಿತ್ತು. ಅವನು ಸಾಹೇಬರನ್ನು ನೋಡಿದ, ನಲವತ್ತು ಮನೆಯ ಜನರನ್ನು ನೋಡಿದ, ಹಸಿರು ಸೀರೆಯ ಬೆನ್ನನ್ನು ನೋಡಿದ. ಚಮನಬೀ ಮುಂದಿನ ಸಾಲಿನಲ್ಲಿ ಕೂತು ಹೇಳು ಎಂಬಂತೆ ಗದ್ದ ಎತ್ತುತ್ತಿದ್ದಳು.

"ನಲವತ್ತನೇ ಪಾಳಿ" ಎಂದ. ಶಾಲಿನ ಅಂಚನ್ನು ಮತ್ತೆ ಹಿಡಿದುಕೊಂಡ. "ನಲವತ್ತನೇ ಪಾಳಿ, ಬಾಯಿಸಾಹೇಬರಿಗಿ."

ಸೀಟಿ ಊದಿದ. ಚಪ್ಪಾಳೆ ಬಿತ್ತು. ಸಾಹೇಬರ ಹೆಂಡತಿ ಹಲಗೆಯ ಮೇಲೆ ಕೂತರು, ಫೋಟೋ ತೆಗೆದರು, ಐದು ನಿಮಿಷಕ್ಕೆ ಸಾಕೆಂದು ಇಳಿಯಲು ಹೋದರು. ಇನ್ನೂ ಇಪ್ಪತ್ತೈದು ನಿಮಿಷ ತಮ್ಮದೇ ಅದ ಎಂದು ಅಯ್ಯಣ್ಣ ಕೈಮುಗಿದು ಹೇಳಿದ. ಪಾಪ, ದೊಡ್ಡವರು, ಒಳ್ಳೆಯವರು. ನಮ್ಮ ಕಾನೂನಿಗೆ ಮರ್ಯಾದೆ ಕೊಟ್ಟು ಪೂರ್ತಿ ಅರ್ಧ ಗಂಟೆ ಕೂತರು. ಲಾಡ್ಲೇಸಾಬ ಎಣ್ಣೆ ಬಿಡುವುದನ್ನು ಮರೆತಿದ್ದ. ಜೋಕಾಲಿ ಕಿರ್ರೆಂದು ಹೋಗುವುದು, ಕಿರ್ರೆಂದು ಬರುವುದು ಅರ್ಧ ಗಂಟೆ ಕೇಳುತ್ತಿತ್ತು. ಮಾಳಮ್ಮ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಜಾಲಿಯನ್ನು ನೋಡುತ್ತ ಕೂತಿದ್ದಳು. ಒಮ್ಮೆಯೂ ತಿರುಗಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ಎಲ್ಲರ ಕೈಗೂ ಉಂಡಿ ಕೊಟ್ಟಳು, ಸಾಹೇಬರಿಗೂ ಕೊಟ್ಟಳು, ಗಂಡನಿಗೂ ಕೊಟ್ಟಳು. ಆಮೇಲೆ ಗೋಡೆ ಹಿಡಿದು ಮನೆಗೆ ಹೋದಳು.

ಮರುದಿನ ಮಟಮಟ ಮಧ್ಯಾಹ್ನ ಅಯ್ಯಣ್ಣ ನನ್ನ ಮನೆಗೆ ಬಂದ. ಮೀಸೆ ಇಳಿದಿತ್ತು. ಕೂಡು ಎಂದರೆ ಕೂಡಲಿಲ್ಲ.

"ಮಾಸ್ತರ್ರ, ಆಕಿಗಿ ಏನೂ ಆಗಿಲ್ಲ. ನಾ ಸುಳ್ಳು ಹೇಳಿನಿ" ಎಂದ. "ಪಂಚಮಿಗಿ ಒಮ್ಮಿ ಜೋಕಾಲಿ ಏರಬೇಕು ಅಂದಿದ್ದಳು. ನಿನ್ನಿ ಬಾಯಿ ತನಕ ಬಂದಿತ್ತು. ಮನೀಗಿ ಹೋದ ಮ್ಯಾಲ ಊಟಕ್ಕ ನೀಡಿದಳು. ಏನೂ ಅನ್ಲಿಲ್ಲ. ಬೈದಿದ್ರ ಛಲೋ ಇತ್ರಿ."

ಆ ದರಿದ್ರ ಲೆಕ್ಕವನ್ನು ಬಾಯಿಬಿಟ್ಟು ಹೇಳಿದವನು ನಾನು, ಮಾನಪತ್ರ ಬರೆದವನೂ ನಾನು. ಸಭೆ ಕರೆದು ಎಲ್ಲರಿಗೂ ಹೇಳೋಣವೇ ಎಂದೆ. ಬೆಳಿಗ್ಗೆಯೇ ಲಾಡ್ಲೇಸಾಬನಿಗೆ, ಗೊಲ್ಲಾಳಮ್ಮನಿಗೆ ಹೇಳಿ ಬಂದಿದ್ದನಂತೆ. ಹೆಂಡತಿಯ ಚಿಂತೆಯಲ್ಲಿ ನಿನಗೂ ತಲೆ ತಿರುಗುತ್ತಿದೆ ಎಂದು ಗೊಲ್ಲಾಳಮ್ಮ ಅವನನ್ನೇ ಕೂಡ್ರಿಸಿ ನೀರು ಕುಡಿಸಿದ್ದಳು.

ಪಾರ್ಕಿನ ಕೀಲಿ ಅವನ ಹತ್ತಿರವೇ ಇತ್ತು. ಮಧ್ಯಾಹ್ನ ಅಲ್ಲಿ ಯಾರ ಪಾಳಿಯೂ ಇಲ್ಲ, ಯಾರೂ ಬರುವುದಿಲ್ಲ. ಈಗಲೇ ಕರೆದುಕೊಂಡು ಬಾ, ಪಂಚಮಿಯ ಮರುದಿನವೂ ಜೋಕಾಲಿ ಆಡುತ್ತಾರೆ ಎಂದು ನಾನು ಹೇಳಿದೆ. ಅವನು ಓಡಿಯೇ ಹೋದ.

ಮಾಳಮ್ಮ ಬಂದಳು. ನಿತ್ಯ ಉಡುವ ಸೀರೆ, ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದಿದ್ದಳು. ಹಿಂದೆ ಚಮನಬೀ. ಅಯ್ಯಣ್ಣ ಬೀಗ ತೆಗೆದ. ತನ್ನ ಪಂಚೆಯ ತುದಿಯಿಂದ ಹಲಗೆ ಒರೆಸಿದ. ಕಂಬದ ಮೇಲಿನ ಅಂಕಿಗಳನ್ನು ನೋಡಿ, ಎಷ್ಟು ಮೇಲೆ ಬೇಕಾದರೂ ಹೋಗಲಿ, ಇವತ್ತು ಅಳತೆಯಿಲ್ಲ ಎಂದು ನಕ್ಕ. ಅವನ ನಗುವನ್ನು ನೋಡಲು ನನಗಾಗಲಿಲ್ಲ.

ಅವಳು ಕೂತಳು. ಕೈಗೆ ಹತ್ತಿದ್ದ ಹಿಟ್ಟು ಸರಪಳಿಗೆ ಹತ್ತಿತು. ಅಯ್ಯಣ್ಣ ಹಿಂದೆ ನಿಂತು, ಭಾರದ ಗೇಟು ತಿರುವುವವನು ಉಸಿರು ಹಿಡಿಯುವಂತೆ ಉಸಿರು ಹಿಡಿದು, ಮೆಲ್ಲಗೆ ಒಮ್ಮೆ ನೂಕಿದ. ಹಲಗೆ ಮುಂದೆ ಹೋಗಿ ಹಿಂದೆ ಬಂತು. ಇನ್ನೊಮ್ಮೆ ನೂಕಿದ. ಅವಳ ಸೆರಗು ಗಾಳಿಗೆ ಸ್ವಲ್ಪ ಎದ್ದಿತು, ಚಮನಬೀ ಹಾಂ ಹಾಂ ಎಂದಳು. ಮೂರನೆಯ ಸಲ ನೂಕಲು ಅವನು ಕೈ ಮುಂದೆ ಮಾಡಿದಾಗ ಮಾಳಮ್ಮ ಎರಡೂ ಪಾದವನ್ನು ನೆಲಕ್ಕೆ ಊರಿದಳು. ಗರಸು ಕಿರುಗುಟ್ಟಿತು. ಜೋಕಾಲಿ ನಿಂತಿತು.

"ಬ್ಯಾಡ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ತಲಿ ತಿರಗ್ತದ."

ಅಯ್ಯಣ್ಣ ಅವಳ ಮುಖ ನೋಡಲು ಮುಂದೆ ಬಂದ. ಅವಳು ಅಷ್ಟರಲ್ಲಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಿದ್ದಳು. ಆ ಬಯಲಿನ ನಟ್ಟನಡುವೆ ಹಿಡಿದುಕೊಳ್ಳಲು ಒಂದು ಗೋಡೆಯಾಗಲಿ ಒಂದು ಗಿಡವಾಗಲಿ ಇರಲಿಲ್ಲ. ಅವಳು ಎರಡೂ ಕೈ ಬಿಟ್ಟು, ಒಂದು ಹೆಜ್ಜೆಯೂ ತಪ್ಪದೆ, ನೆಟ್ಟಗೆ ನಡೆದು ಮನೆಗೆ ಹೋದಳು. ಚಮನಬೀಯೂ ಹಿಂದೆ ಹೋದಳು. ಅಯ್ಯಣ್ಣ ಸರಪಳಿ ಹಿಡಿದುಕೊಂಡೇ ನಿಂತಿದ್ದ, ನಾನು ಅವನನ್ನು ಕರೆಯಲಿಲ್ಲ.